ಡಬ್ಬಿ ಬಾಕಿ

ಸರೋವರ ಹೆಪ್ಪುಗಟ್ಟಿ ಹಡಗುಗಳೆಲ್ಲ
ದಡಕ್ಕೆ ಕಟ್ಟಿಸಿಕೊಂಡು ನಿಂತ ಜನವರಿ.
ಡುಲೂತ್ ಊರಿನ ಸಹಕಾರಿ ಬ್ಯಾಂಕಿನಲ್ಲಿ
ಮೂರನೆಯ ಕಿಟಕಿ ನನ್ನದು.
ಬೂಟಿನ ಹಿಮ ಕೊಡವಿ ಬಂದು ನಿಂತಳು
ಔನೆ ಕಾರ್ವೊನೆನ್, ವಯಸ್ಸು ಅರವತ್ತೆಂಟು.
ಮನೆ ಕಾಯಿಸುವ ಫರ್ನೇಸು ಕೆಟ್ಟಿದೆ, ಸಾಲ ಬೇಕು ಅಂದಳು,
ಅಂಗಡಿಯಲ್ಲಿ ಅರ್ಧ ಕೇಜಿ ಬೆಣ್ಣೆ ಕೇಳುವ ಹಾಗೆ.

ಹೆಸರು ಒತ್ತಿದೆ. ಹುಟ್ಟಿದ ದಿನ ಒತ್ತಿದೆ.
ಯಂತ್ರ ಹುಡುಕಿತು, ಹುಡುಕಿತು,
ಇಂಥವರು ಯಾರೂ ಇಲ್ಲ ಅಂದಿತು.
ಕಡಿಮೆ ಅಂಕವಲ್ಲ, ಸೊನ್ನೆಯೂ ಅಲ್ಲ.
ಸೊನ್ನೆಗಾದರೂ ಒಂದು ದುಂಡು ಮೈ ಇರುತ್ತದೆ.

ಮನೆ ತೌನೊ ಹೆಸರಲ್ಲಿ, ಕರೆಂಟು ತೌನೊ ಹೆಸರಲ್ಲಿ,
ಫೋನು, ಕಾರು, ಇವಳ ಹಲ್ಲಿನ ಡಾಕ್ಟರ ಬಿಲ್ಲು ಕೂಡ.
ಅದಿರು ಕಟ್ಟೆಯಿಂದ ಅವನು ತಂದ ಸಂಬಳವನ್ನು
ನಲವತ್ತನಾಲ್ಕು ವರ್ಷ ಕಾಫಿ ಡಬ್ಬಿಗಳಲ್ಲಿ ಪಾಲು ಹಾಕಿ
ಒಬ್ಬರಿಗೂ ಒಂದು ಸೆಂಟು ಉಳಿಸಿಕೊಳ್ಳದವಳು.
ಅದೇ ತಪ್ಪಾಯಿತು ಎಂದು ಹೇಗೆ ಹೇಳಲಿ?
ಸಾಲ ಮಾಡದವರನ್ನು ನಂಬುವುದು
ನಮಗೆ ಯಾರೂ ಕಲಿಸಿಲ್ಲ.

ಮುನ್ನೂರು ಡಾಲರು ಠೇವಣಿ ಇಡಿ ಎಂದೆ,
ಮುನ್ನೂರರ ಕಾರ್ಡು ಕೊಡುತ್ತೇವೆ. ಖರ್ಚು ಮಾಡಿ, ತೀರಿಸಿ.
“ನನ್ನ ದುಡ್ಡು ನಿಮ್ಮ ಹತ್ತಿರ ಇಟ್ಟು
ನನ್ನ ದುಡ್ಡನ್ನೇ ಸಾಲ ತಂದು
ನಿಮಗೇ ತಿರುಗಿ ಕೊಡಬೇಕು.”
ಹೌದು.
“ನಮ್ಮಿಬ್ಬರಲ್ಲಿ ತಲೆ ಕೆಟ್ಟಿರುವುದು ಯಾರಿಗೆ?”
ನಾನು ನಕ್ಕೆ. ಅವಳು ನಗಲಿಲ್ಲ. ಸಹಿ ಹಾಕಿದಳು,
ಶಾಲೆಯಲ್ಲಿ ಕಲಿತ ಅದೇ ಗುಂಡು ಅಕ್ಷರದಲ್ಲಿ.

ಆ ಕಾರ್ಡಿನಲ್ಲಿ ಅವಳು ಕೊಂಡದ್ದು ಒಂದೇ ಒಂದು: ಏಲಕ್ಕಿ.
ಫಿನ್‌ಲೆಂಡಿನಿಂದ ಬಂದ ಅಜ್ಜಿ ಕೈಯಲ್ಲೇ ಹೊತ್ತು ತಂದ
ಸಿಹಿ ಬ್ರೆಡ್ಡಿನ ಹದಕ್ಕೆ.
ತಿಂಗಳಿಗೊಂದು ಸೀಸೆ, ಹನ್ನೊಂದು ಡಾಲರು ನಲವತ್ತು.
ಬ್ರೆಡ್ಡು ಬೆಂದ ಮೇಲೆ ಓವನ್ನಿನ ಬಾಗಿಲು ತೆರೆದಿಟ್ಟು
ಅಡುಗೆಮನೆಯಲ್ಲೇ ಮಲಗಿ ಆ ಚಳಿ ಕಳೆದಳು.
ಕೊಂಡ ಮಧ್ಯಾಹ್ನವೇ ಬಸ್ಸು ಹತ್ತಿ ಬಂದು
ಹನ್ನೊಂದು ನೋಟು, ನಾಲ್ಕು ನಾಣ್ಯ ಎಣಿಸಿ ಇಡುತ್ತಿದ್ದಳು.

ಮೂರು ತಿಂಗಳೂ ಬಿಲ್ಲಿನಲ್ಲಿ ಬರೀ ಸೊನ್ನೆ.
“ಸಾಲವನ್ನು ಸ್ವಲ್ಪ ದಿನ ಇರಲು ಬಿಡಿ,” ಬೇಡಿಕೊಂಡೆ.
“ಬಿಲ್ಲು ಮನೆಗೆ ಬರಲಿ. ಆಮೇಲೆ ಗಡುವಿನೊಳಗೆ ಕಟ್ಟಿ.”
ಆ ಏಪ್ರಿಲ್ಲಿನಲ್ಲಿ ಹದಿನೇಳು ರಾತ್ರಿ ನಿದ್ದೆಯಿಲ್ಲವಂತೆ.
ಹೊರಗೆ ಜಗಲಿಯ ಮೇಲೆ ಯಾರೋ ಕೂತ ಹಾಗೆ,
ಒಳಗೆ ಕರೆಯುವಂತಿಲ್ಲ, ಓಡಿಸುವಂತಿಲ್ಲ.

ಹದಿನೆಂಟನೆಯ ದಿನ ಲಕೋಟೆ ಹಿಡಿದು ಬಂದಳು.
ಇನ್ನೂ ಒಡೆದಿರಲಿಲ್ಲ.
ಮೇಲಿನ ವಿಳಾಸ ತೋರಿಸಿದಳು: ಔನೆ ಕಾರ್ವೊನೆನ್.
ಶ್ರೀಮತಿ ತೌನೊ ಕಾರ್ವೊನೆನ್ ಅಲ್ಲ.
“ಇದು ತಪ್ಪಾಗಿಲ್ಲ ತಾನೆ?”

ಆಗಸ್ಟಿನಲ್ಲಿ ಅಂಕ ಬಂತು. ಆರುನೂರ ಎಂಬತ್ತೊಂದು.
“ಎಷ್ಟಕ್ಕೆ?” ಎಂಟುನೂರ ಐವತ್ತಕ್ಕೆ.
“ಲೆಕ್ಕದಲ್ಲಿ ನಾನು ಯಾವತ್ತೂ ಇಷ್ಟು ಕಡಿಮೆ ತೆಗೆದವಳಲ್ಲ.”
ಸ್ವಲ್ಪ ಹೊತ್ತು ಬಿಟ್ಟು, ಕಿಟಕಿಗೆ ಬಾಗಿ, ಮೆಲ್ಲಗೆ,
“ತೌನೊಗೆ ಎಷ್ಟಿತ್ತು?”
ಸತ್ತವರದ್ದೂ ಹೇಳುವಂತಿಲ್ಲ ಎಂದೆ.
ನನಗೆ ಗೊತ್ತಿತ್ತು.
ಹೇಳುವಂಥ ಅಂಕವಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಫರ್ನೇಸು ಬಂತು, ಇಪ್ಪತ್ತನಾಲ್ಕು ಕಂತು.
ಅವಳೊಂದು ಬ್ರೆಡ್ಡು ತಂದು ಕೌಂಟರಿನ ಮೇಲಿಟ್ಟಳು,
ನೀಲಿ ಬಣ್ಣ ಅಲ್ಲಲ್ಲಿ ಹೋದ ಕಾಫಿ ಡಬ್ಬಿಯಲ್ಲಿ.
ಗಿರಾಕಿಗಳಿಂದ ಉಡುಗೊರೆ ತಗೊಳ್ಳಬಾರದು, ನಿಯಮ.
“ಉಡುಗೊರೆ ಅಂತ ಯಾರು ಅಂದರು? ಡಬ್ಬಿ ವಾಪಸು ಬೇಕು.”

ಬ್ರೆಡ್ಡು ಮುಗಿದು ಬಹಳ ದಿನವಾಯಿತು.
ಬೇಡವಾದರೂ ಹಳೆಯ ಖಾತೆ ಮುಚ್ಚಬೇಡಿ,
ತೆರೆದೇ ಇರಲಿ, ಒಳ್ಳೆಯದು ಎಂದು
ದಿನಕ್ಕೆ ಹತ್ತು ಜನಕ್ಕೆ ಹೇಳುವವನು ನಾನು.
ಡಬ್ಬಿ ತೊಳೆದು ಒರೆಸಿ ಮೇಜಿನ ಕೆಳಗಿಟ್ಟಿದ್ದೇನೆ.
ಮುಚ್ಚಳ ತೆಗೆದರೆ ಇನ್ನೂ ಏಲಕ್ಕಿ.
ಐದನೆಯ ತಾರೀಕು ಕಂತು ಕಟ್ಟಲು ಬಂದಾಗ
“ನನ್ನ ಡಬ್ಬಿ?” ಅನ್ನುತ್ತಾಳೆ.
ಮುಂದಿನ ತಿಂಗಳು ಅನ್ನುತ್ತೇನೆ.